ಗುತ್ತಿಗೆಯ ಲಾಭವೂ ಒಪ್ಪಿಗೆಯ ಬೆಲೆಯೂ

ಕೊಡುವವನೊಬ್ಬ, ಕೊಳ್ಳುವವನೊಬ್ಬ, ನಡುವೆ ಇಬ್ಬರಿಗೂ ಸಮ್ಮತವಾದ ಒಂದು ಬೆಲೆ. ವ್ಯಾಪಾರವೆಂದರೆ ಇಷ್ಟೇ ಎಂದು ಕೇಳಿ ಬೆಳೆದ ಮನೆತನಗಳು ನಮ್ಮವು. ಆದರೆ ಬಂದವನು ಅಂಗಡಿಯ ಸರಕನ್ನು ಕೊಳ್ಳಲು ಬಂದವನಲ್ಲ, ಅಂಗಡಿ ನಿಂತಿರುವ ನೆಲವನ್ನೇ ಅಗೆಯಲು ಬಂದವನು ಎಂದಾದರೆ, ಮತ್ತು ಅಗೆಯುವ ಕೆಲಸದಲ್ಲಿ ನಿಮಗೂ ಒಂದು ಗುತ್ತಿಗೆ ಕೊಡುತ್ತೇನೆ ಎಂದು ಅವನು ಹೇಳಿದರೆ, ಆ ಕೊಡುಗೆಗೆ ಏನೆಂದು ಹೆಸರಿಡಬೇಕು? ಅದು ದಾನವೆ, ಕೂಲಿಯೆ, ಪರಿಹಾರವೆ, ಅಥವಾ ಬಾಯಿ ಮುಚ್ಚಿಸುವ ಉಪಾಯವೆ? ಗುತ್ತಿಗೆ ಹಿಡಿದವನಿಗೆ ಆಮೇಲೆಯೂ ‘ಈ ಅಗೆತ ಇನ್ನು ಸಾಕು’ ಎನ್ನುವ ಅಧಿಕಾರ ಉಳಿಯುತ್ತದೆಯೆ? ಈ ಪ್ರಶ್ನೆಗಳು ಕೇವಲ ತರ್ಕದ ಕಸರತ್ತಲ್ಲ. ಭೂಮಿಯ ಉತ್ತರದ ತುದಿಯಲ್ಲಿ ಒಂದು ಸಣ್ಣ ಜನಾಂಗ ಇವುಗಳನ್ನು ಮೂರು ದಶಕಗಳಿಂದ ದಿನನಿತ್ಯದ ಬಾಳಿನಲ್ಲಿ ಎದುರಿಸುತ್ತ ಬಂದಿದೆ. ಅವರ ಅನುಭವವನ್ನು ಓದುಗ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಹಿಂದಿನ ಪಠ್ಯಪುಸ್ತಕಗಳಲ್ಲಿ ನಾವು ‘ಎಸ್ಕಿಮೊ’ಗಳೆಂದು ಓದಿದವರು ತಮ್ಮನ್ನು ಇನ್ಯುಯಿಟ್ ಎಂದು ಕರೆದುಕೊಳ್ಳುತ್ತಾರೆ. ಅವರ ನುಡಿಯಲ್ಲಿ ಆ ಶಬ್ದಕ್ಕೆ ‘ಜನರು’ ಎಂದೇ ಅರ್ಥ. ಕೆನಡಾದ ಉತ್ತರಭಾಗದಲ್ಲಿ ಅವರು ಬಹುಸಂಖ್ಯಾತರಾಗಿರುವ ನುನಾವುತ್ ಪ್ರಾಂತ್ಯವಿದೆ. ವಿಸ್ತೀರ್ಣ ಸುಮಾರು 20 ಲಕ್ಷ ಚದರ ಕಿಲೋಮೀಟರು. 2021ರ ಜನಗಣತಿಯಂತೆ ಜನಸಂಖ್ಯೆ 37 ಸಾವಿರವನ್ನೂ ಮುಟ್ಟದು. ಇಪ್ಪತ್ತೈದು ಊರುಗಳಿವೆ, ಊರಿಂದ ಊರಿಗೆ ಹೆದ್ದಾರಿಯಿಲ್ಲ. ಬೇಸಿಗೆಯಲ್ಲಿ ಸಮುದ್ರದ ಮಂಜುಗಡ್ಡೆ ಕರಗಿದ ಕೆಲವು ವಾರಗಳಲ್ಲಿ ಹಡಗು ಬರಬೇಕು, ಉಳಿದ ಕಾಲದಲ್ಲಿ ವಿಮಾನವೇ ಗತಿ. ಕಾಳು ಬೆಳೆಯದ, ಮರ ಚಿಗುರದ ಆ ನೆಲದ ಅಡಿಯಲ್ಲಿ ಕಬ್ಬಿಣ, ಚಿನ್ನ, ಸತು ಮೊದಲಾದವುಗಳಿವೆ.

1993ರ ಮೇ ತಿಂಗಳಲ್ಲಿ ನುನಾವುತ್ ಭೂಹಕ್ಕಿನ ಒಪ್ಪಂದಕ್ಕೆ ಸಹಿ ಬಿತ್ತು. ಇನ್ಯುಯಿಟರು ತಮ್ಮ ಪುರಾತನ ಹಕ್ಕನ್ನು ಕೆನಡಾ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಪ್ರತಿಯಾಗಿ ಸುಮಾರು 3.5 ಲಕ್ಷ ಚದರ ಕಿಲೋಮೀಟರು ಭೂಮಿಯ ಮೇಲ್ಮೈಯ ಒಡೆತನ, ಅದರಲ್ಲಿ ಸುಮಾರು ಹತ್ತನೆಯ ಒಂದು ಭಾಗದಲ್ಲಿ ಖನಿಜದ ಒಡೆತನವೂ ಸೇರಿದಂತೆ, ಅವರಿಗೆ ದೊರೆಯಿತು. ಹದಿನಾಲ್ಕು ವರ್ಷಗಳ ಅವಧಿಯಲ್ಲಿ 114.8 ಕೋಟಿ ಡಾಲರುಗಳ ಪಾವತಿಯೂ, 1999ರ ಏಪ್ರಿಲ್ 1ರಂದು ಪ್ರತ್ಯೇಕ ಪ್ರಾಂತ್ಯವೂ ಬಂದವು. ಕೊಟ್ಟದ್ದಕ್ಕೆ ಪಡೆದದ್ದು ಸಮವಾಯಿತೆ ಎಂಬುದು ಬೇರೆ ಚರ್ಚೆ. ನಮ್ಮ ವಿಷಯಕ್ಕೆ ಬೇಕಾದದ್ದು ಆ ಒಪ್ಪಂದದ 26ನೆಯ ಪರಿಚ್ಛೇದ.

ದೊಡ್ಡ ಗಣಿಯೊಂದು ಆರಂಭವಾಗುವ ಮೊದಲು ಕಂಪನಿಯು ಆ ಪ್ರದೇಶದ ಇನ್ಯುಯಿಟ್ ಸಂಘದೊಡನೆ ‘ಪರಿಣಾಮ ಮತ್ತು ಲಾಭ’ದ ಕರಾರು ಮಾಡಿಕೊಳ್ಳಲೇಬೇಕು, ಕರಾರಿಲ್ಲದೆ ಕೆಲಸ ತೊಡಗುವಂತಿಲ್ಲ ಎನ್ನುತ್ತದೆ ಆ ಪರಿಚ್ಛೇದ. ಯಾವ ವಿಷಯಗಳನ್ನು ಮಾತನಾಡಿಕೊಳ್ಳಬಹುದು ಎಂಬ ಪಟ್ಟಿಯೂ ಅಲ್ಲಿದೆ. ತರಬೇತಿ, ಉದ್ಯೋಗ, ಕೆಲಸದ ಸ್ಥಳದ ಭಾಷೆ ಮುಂತಾದವುಗಳ ಜೊತೆಗೆ ವ್ಯಾಪಾರದ ಅವಕಾಶಗಳೂ ಸೇರಿವೆ. ಮೂಲ ಬಂಡವಾಳ ಒದಗಿಸುವುದು, ತಜ್ಞರ ಸಲಹೆ ಕೊಡಿಸುವುದು, ಬರಲಿರುವ ಗುತ್ತಿಗೆಗಳನ್ನು ಮುಂಚಿತವಾಗಿ ತಿಳಿಸುವುದು, ಗುತ್ತಿಗೆ ಕೊಡುವಾಗ ಇನ್ಯುಯಿಟರಿಗೆ ಆದ್ಯತೆ ನೀಡುವುದು ಎಂದು ಅದು ನಾಲ್ಕು ಬಗೆಯಾಗಿ ಬಿಡಿಸಿ ಹೇಳುತ್ತದೆ. ಲಾಭವು ಯೋಜನೆಯ ಗಾತ್ರ ಮತ್ತು ವೆಚ್ಚಕ್ಕೆ ತಕ್ಕಂತಿರಬೇಕು, ಕಂಪನಿಯ ಬೆನ್ನು ಮುರಿಯುವಷ್ಟು ಭಾರವಾಗಬಾರದು ಎಂಬ ವಿವೇಕವೂ ಅದರಲ್ಲಿದೆ. ಬರೆದವರು ವ್ಯವಹಾರ ಬಲ್ಲವರೇ ಸರಿ.

ಈ ಆದ್ಯತೆಯನ್ನು ಹಲವರು ಕೃಪೆಯೆಂದು ಭಾವಿಸುತ್ತಾರೆ. ಬಡವರು, ಹಿಂದುಳಿದವರು, ಪಾಪ, ಅವರಿಗೂ ಒಂದಿಷ್ಟು ಸಿಗಲಿ ಎಂಬ ಧೋರಣೆ ಅದು. ಈ ಭಾವನೆಯೇ ಮೊದಲ ತಪ್ಪು. ದಾನಕ್ಕೂ ಪ್ರತಿಫಲಕ್ಕೂ ಇರುವ ಅಂತರವನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದಾನದಲ್ಲಿ ಕೊಡುವವನಿಗೆ ಋಣವಿಲ್ಲ, ಪ್ರತಿಫಲದಲ್ಲಿ ಇದೆ. ನೆಲ ಅವರದು, ಆ ನೆಲದ ಮೇಲೆ ಬೀಳುವ ಧೂಳು ಅವರ ಪಾಲಿನದು, ಗಣಿ ಬರಿದಾದ ಮೇಲೆ ಉಳಿಯುವ ಹೊಂಡವೂ ಅವರದೇ. ಇಷ್ಟನ್ನು ಒಪ್ಪಿಕೊಂಡವರಿಗೆ ಕೆಲಸದ ಗುತ್ತಿಗೆಯಲ್ಲಿ ಮೊದಲ ಕರೆ ಕೊಡುವುದು ಬೆಲೆಯ ಒಂದು ಕಂತೇ ಹೊರತು ಉಪಕಾರವಲ್ಲ.

ಹಿಂದೆ ಈ ಬೆಲೆ ತೆರದೆ ನಡೆದ ಗಣಿಗಳ ಕಥೆಯೂ ಇದೆ. 1957ರಲ್ಲಿ ಹಡ್ಸನ್ ಕೊಲ್ಲಿಯ ತೀರದ ರ‍್ಯಾಂಕಿನ್ ಇನ್ಲೆಟ್ ಎಂಬಲ್ಲಿ ನಿಕಲ್ ಗಣಿ ತೆರೆಯಿತು. ಬೇಟೆಯ ಬದುಕನ್ನು ಬಿಟ್ಟು ಇನ್ಯುಯಿಟ್ ಕುಟುಂಬಗಳು ಬಂದು ಅಲ್ಲಿ ನೆಲೆಸಿದವು. ಗಂಡಸರು ಸುರಂಗಕ್ಕೆ ಇಳಿದರು. 1962ರಲ್ಲಿ ಅದಿರು ಮುಗಿಯಿತು, ಕಂಪನಿ ಹೊರಟುಹೋಯಿತು. ಉಳಿದವರಿಗೆ ಜೀವನೋಪಾಯವಾಗಲೆಂದು ಮರುವರ್ಷ ಸರ್ಕಾರ ಅಲ್ಲಿ ಮಣ್ಣಿನ ಕಲಾಕೃತಿಗಳ ಕಮ್ಮಟವೊಂದನ್ನು ತೆರೆಯಿತು. ಬಾಫಿನ್ ದ್ವೀಪದ ಉತ್ತರಕ್ಕೆ ನನಿಸಿವಿಕ್ ಎಂಬ ಸೀಸ ಮತ್ತು ಸತುವಿನ ಗಣಿ 1976ರಿಂದ 2002ರವರೆಗೆ ನಡೆಯಿತು. ಆ ಹೆಸರಿನ ಅರ್ಥ ‘ವಸ್ತುಗಳು ದೊರೆಯುವ ತಾಣ’. ಕಾರ್ಮಿಕರಲ್ಲಿ ನೂರಕ್ಕೆ ಅರವತ್ತು ಮಂದಿ ಇನ್ಯುಯಿಟರಿರಬೇಕೆಂಬ ಗುರಿ ಕಾಗದದಲ್ಲಿತ್ತು. ಅದು ಎಂದೂ ಈಡೇರಲಿಲ್ಲ. ಇಪ್ಪತ್ತಾರು ವರ್ಷ ಸಂಬಳ ಬಂದಿತೆಂಬುದು ನಿಜ. ಆದರೆ ಸಂಬಳ ಪಡೆಯುವವನು ಗಣಿ ಮುಚ್ಚಿದ ದಿನ ಬರಿಗೈಯವನು. ಲಾರಿಯ ಮಾಲೀಕ, ವಿಮಾನದ ಮಾಲೀಕ, ಲೆಕ್ಕಪತ್ರ ಬಲ್ಲ ಗುತ್ತಿಗೆದಾರ ಇನ್ನೊಂದು ಕೆಲಸ ಹುಡುಕಿಕೊಳ್ಳಬಲ್ಲ. 26ನೆಯ ಪರಿಚ್ಛೇದದಲ್ಲಿ ಉದ್ಯೋಗದೊಡನೆ ಗುತ್ತಿಗೆಯ ಮಾತೂ ಬಂದಿರುವುದರ ಮರ್ಮ ಇಲ್ಲಿದೆಯೆಂದು ನನ್ನ ತಿಳಿವಳಿಕೆ.

ಗಣಿಯೆಂದರೆ ಅದಿರು ತೋಡುವುದು ಮಾತ್ರವಲ್ಲ. ನೂರಾರು ಮಂದಿಗೆ ಅಡುಗೆಯಾಗಬೇಕು, ವಸತಿ ಶುಚಿಯಾಗಬೇಕು, ಡೀಸೆಲ್ ಬರಬೇಕು, ರಸ್ತೆಯ ಹಿಮ ತೆಗೆಯಬೇಕು, ಜನರನ್ನು ವಿಮಾನದಲ್ಲಿ ಕರೆತಂದು ವಾಪಸು ಬಿಡಬೇಕು. ಇವೆಲ್ಲ ಗುತ್ತಿಗೆಗಳೇ. ಯಾವ ಸಂಸ್ಥೆ ‘ಇನ್ಯುಯಿಟ್ ಸಂಸ್ಥೆ’ ಎನಿಸಿಕೊಳ್ಳುತ್ತದೆ ಎಂಬುದಕ್ಕೆ ನುನಾವುತ್ ತುಂಗಾವಿಕ್ ಎಂಬ ಅವರ ಪ್ರಾತಿನಿಧಿಕ ಸಂಸ್ಥೆ ಒಂದು ದಾಖಲೆ ಪುಸ್ತಕವನ್ನಿಟ್ಟಿದೆ; ಕಂಪನಿಯಾದರೆ ಮತಾಧಿಕಾರವುಳ್ಳ ಷೇರುಗಳಲ್ಲಿ ನೂರಕ್ಕೆ 51ರಷ್ಟಾದರೂ ಇನ್ಯುಯಿಟರದ್ದಾಗಿರಬೇಕು. ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮಗಳು ಕೆಲವು: ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವುದು, ಮೊದಲು ಪಟ್ಟಿಯಲ್ಲಿರುವ ಸಂಸ್ಥೆಗಳನ್ನೇ ಕರೆಯುವುದು, ಟೆಂಡರು ತೂಗುವಾಗ ಸ್ಥಳೀಯರ ಪಾಲಿಗೆ ಅಂಕ ಕೊಡುವುದು.

ಸಣ್ಣ ವ್ಯಾಪಾರಿಗೆ ಇಷ್ಟರಿಂದಲೇ ದಾರಿ ಸುಗಮವಾಗದು. ಜಾಮೀನು ಠೇವಣಿ ಇಡಲು ಹಣ ಬೇಕು. ಯಂತ್ರವನ್ನು ದಕ್ಷಿಣದಿಂದ ತರಿಸಬೇಕಾದರೆ ಬೇಸಿಗೆಯ ಹಡಗನ್ನೇ ಕಾಯಬೇಕು. ಅದು ತಪ್ಪಿದರೆ ಇಡೀ ವರ್ಷ ತಪ್ಪಿದಂತೆ. ಇಂದು ತರಿಸಿದ ಸರಕಿನ ಹಣ ಬರುವುದು ಎಂದೋ. ಬಂಡವಾಳ ಹೀಗೆ ಸಿಕ್ಕಿಹಾಕಿಕೊಂಡರೆ ಎಂಥ ಪ್ರಾಮಾಣಿಕನೂ ಮುಳುಗುತ್ತಾನೆಂಬುದನ್ನು ಅಂಗಡಿ ನಡೆಸಿದವರು ಬಲ್ಲರು. ಆದ್ದರಿಂದ ಅಲ್ಲಿಯ ಸಂಸ್ಥೆಗಳು ದಕ್ಷಿಣದ ದೊಡ್ಡ ಸಂಸ್ಥೆಗಳೊಡನೆ ಪಾಲುದಾರಿಕೆ ಮಾಡಿಕೊಳ್ಳುವುದು ಸಹಜ. ಹೆಸರು ಮತ್ತು 51 ಪಾಲು ಇವರದು, ಯಂತ್ರ ಮತ್ತು ಅನುಭವ ಅವರದು.

ಇಲ್ಲಿಯೇ ಧರ್ಮಸೂಕ್ಷ್ಮವಿರುವುದು. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ; ಇದು ಯಾವ ಸಂಸ್ಥೆಯ ಜಮಾಖರ್ಚೂ ಅಲ್ಲ, ಬರಿಯ ಉದಾಹರಣೆ. ನೂರು ಡಾಲರಿನ ಗುತ್ತಿಗೆ. ಯಂತ್ರದ ಬಾಡಿಗೆ ಮೂವತ್ತು, ಅದು ದಕ್ಷಿಣದ ಪಾಲುದಾರನಿಗೆ. ವಿಮಾನದಲ್ಲಿ ಬಂದು ಹೋಗುವ ಕೆಲಸಗಾರರ ಸಂಬಳ ನಲವತ್ತು, ಅದೂ ದಕ್ಷಿಣಕ್ಕೆ. ಡೀಸೆಲ್, ಬಿಡಿಭಾಗ ಹದಿನೆಂಟು. ಆಡಳಿತದ ಶುಲ್ಕವೆಂದು ಎಂಟು, ಮತ್ತೆ ಪಾಲುದಾರನಿಗೇ. ಉಳಿದದ್ದು ನಾಲ್ಕು. ಆ ನಾಲ್ಕರಲ್ಲಿ ನೂರಕ್ಕೆ ಐವತ್ತೊಂದು ಎಂದರೆ ಎರಡು ಡಾಲರು ನಾಲ್ಕು ಸೆಂಟು. ಕಂಪನಿಯ ವರದಿಯಲ್ಲಾದರೋ ‘ಇನ್ಯುಯಿಟ್ ಸಂಸ್ಥೆಗೆ ನೂರು ಡಾಲರಿನ ಗುತ್ತಿಗೆ ಕೊಡಲಾಯಿತು’ ಎಂದು ಬರೆಯಬಹುದು. ಅಕ್ಷರಶಃ ಸುಳ್ಳಲ್ಲ. ಆದರೆ ಸತ್ಯವೆಂದು ಕರೆಯಲು ನಾಲಗೆ ತಡೆಯುತ್ತದೆ. ನಮ್ಮ ಕಡೆ ಇಂಥ ಹೆಸರಿನ ಮಾಲೀಕತ್ವಕ್ಕೆ ‘ಬೇನಾಮಿ’ ಎಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ.

ಹಾಗೆಂದು ಎಲ್ಲ ಪಾಲುದಾರಿಕೆಗಳೂ ಮುಖವಾಡಗಳೆಂದು ಹೇಳುವುದು ಅನ್ಯಾಯವಾದೀತು. ಇನ್ಯುಯಿಟರಿಗೆ ವ್ಯಾಪಾರ ಹೊಸತಲ್ಲ. ನರಿಯ ತುಪ್ಪಳದ ಕಾಲದಿಂದ ಹಡ್ಸನ್ ಬೇ ಕಂಪನಿಯೊಡನೆ ಲೇವಾದೇವಿ ಮಾಡಿದವರು ಅವರು. 1959ರಲ್ಲಿಯೇ ಕೇಪ್ ಡಾರ್ಸೆಟ್ಟಿನಲ್ಲಿ ಸಹಕಾರ ಸಂಘ ಕಟ್ಟಿ ಕಲ್ಲಿನ ಕೆತ್ತನೆ ಮತ್ತು ಮುದ್ರಣಚಿತ್ರಗಳನ್ನು ಜಗತ್ತಿನ ಮಾರುಕಟ್ಟೆಗೆ ಒಯ್ದವರು. ಲಾಬ್ರಡಾರಿನ ವಾಯ್ಸೀಸ್ ಬೇ ನಿಕಲ್ ಗಣಿಯ ವಿಷಯದಲ್ಲಿ ಅವರ ಚೌಕಾಸಿಯ ಬಲ ಎದ್ದು ಕಾಣುತ್ತದೆ. ಅದಿರು ಪತ್ತೆಯಾದದ್ದು 1993ರಲ್ಲಿ. ಅಲ್ಲಿಯ ಇನ್ಯುಯಿಟರೂ ಇನ್ನು ಎಂಬ ಇನ್ನೊಂದು ಮೂಲನಿವಾಸಿ ಜನರೂ ಪಟ್ಟು ಹಿಡಿದ ಕಾರಣ ಕರಾರು ಕುದುರಿದ್ದು 2002ರಲ್ಲಿ. ಚಳಿಗಾಲದಲ್ಲಿ ಹಡಗು ಮಂಜುಗಡ್ಡೆಯನ್ನು ಸೀಳಿ ಸಾಗಿದರೆ ಅದರ ಮೇಲೆ ಓಡಾಡುವ ಜನರ ದಾರಿ ಕಡಿದುಹೋಗುತ್ತದೆಂದು ಆಕ್ಷೇಪಿಸಿ, ಆ ಸೀಳಿನ ಮೇಲೆ ತೇಲುಸೇತುವೆ ಹಾಕುವ ಏರ್ಪಾಡನ್ನೂ ಅವರು ಮಾಡಿಸಿಕೊಂಡರು. ಒಬ್ಬನಿಗೆ ಗುತ್ತಿಗೆ ಸಿಗುವಾಗ ಇನ್ನೊಬ್ಬನ ದಾರಿ ಉಳಿಯಬೇಕೆಂಬ ಎಚ್ಚರ ಅದರಲ್ಲಿದೆ. ಪಾಲುದಾರಿಕೆಯ ಪ್ರಾಮಾಣಿಕತೆಯನ್ನು ಅಳೆಯಲು ಷೇರಿನ ಸಂಖ್ಯೆಯನ್ನಲ್ಲ, ಐದು ವರ್ಷದ ಮೇಲೆ ಯಂತ್ರ ನಡೆಸುವವರು ಯಾರು, ಚೆಕ್ಕಿಗೆ ಸಹಿ ಹಾಕುವವರು ಯಾರು ಎಂಬುದನ್ನು ನೋಡಬೇಕು.

ಇನ್ನು ಎರಡನೆಯ ಪ್ರಶ್ನೆ. ಇದು ಮೊದಲನೆಯದಕ್ಕಿಂತ ಕಠಿಣ. ಗುತ್ತಿಗೆಯ ಲಾಭ ಒಬ್ಬನಿಗೆ, ಗಣಿಯ ನಷ್ಟ ಇನ್ನೊಬ್ಬನಿಗೆ ಆದಾಗ, ಲಾಭ ಪಡೆದವನ ಒಪ್ಪಿಗೆಯು ನಷ್ಟ ಹೊಂದಿದವನ ಒಪ್ಪಿಗೆಯಾದೀತೆ?

ಬಾಫಿನ್ ದ್ವೀಪದ ಮೇರಿ ರಿವರ್ ಗಣಿಯೇ ಇದಕ್ಕೆ ಸಾಕ್ಷಿ. 1962ರಲ್ಲಿ ಪತ್ತೆಯಾದ ಅತ್ಯುತ್ತಮ ದರ್ಜೆಯ ಕಬ್ಬಿಣದ ಅದಿರು ಅಲ್ಲಿದೆ. ನಡೆಸುವುದು ಬಾಫಿನ್‌ಲ್ಯಾಂಡ್ ಎಂಬ ಕಂಪನಿ. 2011ರಲ್ಲಿ ಅದನ್ನು ಕೊಂಡವರಲ್ಲಿ ನಮ್ಮ ರಾಜಸ್ಥಾನ ಮೂಲದ ಲಕ್ಷ್ಮೀ ಮಿತ್ತಲ್ ಅವರ ಆರ್ಸೆಲರ್‌ಮಿತ್ತಲ್ ಸಂಸ್ಥೆಯೂ ಒಂದು. 2013ರಲ್ಲಿ ಕಿಕಿಕ್ತಾನಿ ಇನ್ಯುಯಿಟ್ ಸಂಘದೊಡನೆ ಕರಾರಾಯಿತು. 2015ರಿಂದ ಅದಿರು ಹಡಗೇರುತ್ತಿದೆ. ಗಣಿಯಿಂದ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು ದೂರದ ಮಿಲ್ನ್ ಇನ್ಲೆಟ್ ಬಂದರಿಗೆ ಲಾರಿಗಳು ಅದಿರನ್ನು ಒಯ್ಯುತ್ತವೆ. ಹಡಗುಗಳು ಸಾಗುವುದು ಪಾಂಡ್ ಇನ್ಲೆಟ್ ಊರಿನ ಮುಂದಣ ಕಡಲಿನಲ್ಲಿ; ನಾರ್ವಾಲ್ ಎಂಬ ನೀಳದಂತದ ತಿಮಿಂಗಿಲಗಳು ಬೇಸಿಗೆಯಲ್ಲಿ ಬರುವುದೂ ಅದೇ ನೀರಿಗೆ. ತಿಮಿಂಗಿಲಗಳು ಕಡಿಮೆಯಾಗುತ್ತಿವೆ, ಹಿಮದ ಮೇಲೆ ಕೆಂಪು ಧೂಳು ಕೂರುತ್ತಿದೆ, ಕುಡಿಯುವ ನೀರಿಗೆ ಹಿಮವನ್ನು ಕರಗಿಸಲು ಹೆದರಿಕೆಯಾಗುತ್ತಿದೆ ಎಂದು ಆ ಊರಿನ ಬೇಟೆಗಾರರು ದೂರತೊಡಗಿದರು.

ಬೇಟೆಗಾರರ ನಷ್ಟಕ್ಕೆ ನಾವೇಕೆ ಮರುಗಬೇಕು ಎಂದು ಅಹಿಂಸಾವ್ರತಿಗಳಾದ ನಮ್ಮ ಓದುಗರಲ್ಲಿ ಕೆಲವರು ಕೇಳಿಯಾರು. ಕೇಳಬೇಕಾದದ್ದೇ. ನಾನು ಬೇಟೆಯನ್ನು ಸಮರ್ಥಿಸಲಾರೆ. ಆದರೆ ಒಂದು ಸಂಗತಿ ನಮ್ಮ ಗಮನದಲ್ಲಿರಲಿ. 1983ರಲ್ಲಿ ಯೂರೋಪಿನ ಆರ್ಥಿಕ ಸಮುದಾಯವು ಪ್ರಾಣಿದಯೆಯ ಚಳವಳಿಗೆ ಮಣಿದು ಸೀಲ್ ಮರಿಗಳ ತೊಗಲಿನ ಆಮದನ್ನು ನಿಷೇಧಿಸಿತು. ಇನ್ಯುಯಿಟರು ಬೇಟೆಯಾಡುತ್ತಿದ್ದುದು ಆ ಮರಿಗಳನ್ನಲ್ಲ. ಅವರಿಗೆ ವಿನಾಯಿತಿಯೂ ಇತ್ತು. ಆದರೂ ಸೀಲ್ ತೊಗಲಿನ ಮಾರುಕಟ್ಟೆಯೇ ಕುಸಿದು, ಆಹಾರಕ್ಕಾಗಿ ಕೊಂದ ಪ್ರಾಣಿಯ ತೊಗಲು ಮಾರಿ ಸೀಮೆಎಣ್ಣೆ, ಬಟ್ಟೆ ಕೊಳ್ಳುತ್ತಿದ್ದ ಮನೆಗಳ ಆದಾಯ ಬತ್ತಿಹೋಯಿತು. ಅವರ ಬೇಟೆ ನಿಲ್ಲಲಿಲ್ಲ, ಏಕೆಂದರೆ ಆ ನೆಲದಲ್ಲಿ ಉಣ್ಣಲು ಬೇರೇನೂ ಬೆಳೆಯದು. ನಿಂತದ್ದು ಕೈಗೆ ಬರುತ್ತಿದ್ದ ಹಣ ಮಾತ್ರ. ಅಂಥ ಊರಿಗೆ ಗಣಿಯ ಗುತ್ತಿಗೆಯೊಂದು ಬಂದಾಗ ಒಲ್ಲೆನೆನ್ನುವ ಶಕ್ತಿ ಎಷ್ಟು ಉಳಿದೀತು? ದೂರದಲ್ಲಿ ಕುಳಿತು ಪಾಲಿಸುವ ದಯೆಯ ಲೆಕ್ಕವನ್ನು ಯಾರ ಖಾತೆಗೆ ಖರ್ಚು ಬರೆದೆವು ಎಂದು ನೋಡಿಕೊಳ್ಳುವುದು ದಯಾವಂತರ ಹೊಣೆ. ವ್ರತವು ಹಿಡಿದವನನ್ನು ಬಂಧಿಸುತ್ತದೆ. ಹಿಡಿಯದವನ ಅನ್ನವನ್ನು ಕಸಿಯುವ ಅಧಿಕಾರವನ್ನು ಅದು ನಮಗೆ ಕೊಟ್ಟಿಲ್ಲ. ಇದಲ್ಲದೆ, ಆ ತಿಮಿಂಗಿಲವನ್ನು ಅದರ ನೀರಿನಿಂದ ಅಟ್ಟುವುದರಲ್ಲಿ ಬೇಟೆಗಾರನ ಈಟಿಗಿಂತ ಅದಿರು ಹಡಗಿನ ಸದ್ದೇ ಕಡಿಮೆ ಹಿಂಸೆಯೆಂದು ಯಾರು ಹೇಳಬಲ್ಲರು?

ಮೇರಿ ರಿವರ್‌ಗೆ ಮರಳೋಣ. ವರ್ಷಕ್ಕೆ 60 ಲಕ್ಷ ಟನ್ನಿನಷ್ಟು ಸಾಗಿಸುತ್ತಿದ್ದ ಅದಿರನ್ನು 120 ಲಕ್ಷ ಟನ್ನಿಗೆ ಏರಿಸಬೇಕು, ಮಿಲ್ನ್ ಇನ್ಲೆಟ್‌ಗೆ ಸುಮಾರು 110 ಕಿಲೋಮೀಟರಿನ ರೈಲುಮಾರ್ಗ ಹಾಕಬೇಕು ಎಂಬುದು ಕಂಪನಿಯ ಬೇಡಿಕೆ. ಇನ್ಯುಯಿಟ್ ಸಂಘದ ಸ್ಥಿತಿಯಾದರೋ ಇಕ್ಕಟ್ಟಿನದು. ಅದೇ ಭೂಮಿಯ ಒಡೆಯ, ಅದೇ ರಾಜಧನ ಪಡೆಯುವ ಸಂಸ್ಥೆ, ತನ್ನವರಿಗೆ ಗುತ್ತಿಗೆ ದೊರಕಿಸಿಕೊಡಬೇಕಾದ ಸಂಸ್ಥೆಯೂ ಅದೇ; ಅದೇ ಬೇಟೆಗಾರರ ಪರವಾಗಿ ಮಾತನಾಡಬೇಕಾದದ್ದೂ ಕೂಡ. ನಮ್ಮ ಟ್ರಸ್ಟುಗಳಲ್ಲಿ ವಿಶ್ವಸ್ತರೇ ಟ್ರಸ್ಟಿನ ಅಂಗಡಿಯ ಬಾಡಿಗೆದಾರರಾದಾಗ ಉಂಟಾಗುವ ಪೇಚು ಇದಕ್ಕೆ ಹತ್ತಿರದ್ದು. 2020ರಲ್ಲಿ ಸಂಘವೂ ಕಂಪನಿಯೂ ಹೊಸದೊಂದು ಕರಾರು ಮಾಡಿಕೊಂಡವು; ವಿಸ್ತರಣೆ ನಡೆದರೆ ಸಂಘಕ್ಕೆ ಹೆಚ್ಚಿನ ಲಾಭವೂ ಗಣಿಯ ಮೇಲೆ ಹೆಚ್ಚಿನ ನಿಗಾ ಅಧಿಕಾರವೂ ಬರಬೇಕೆಂಬುದು ಅದರ ಸಾರ. ಎಲ್ಲವೂ ಕುದುರಿತೆಂದೇ ಹೊರಗಿನವರು ಭಾವಿಸಿರಬೇಕು.

2021ರ ಫೆಬ್ರವರಿಯ ಕೊರೆಯುವ ಚಳಿಯಲ್ಲಿ ಪಾಂಡ್ ಇನ್ಲೆಟ್ ಮತ್ತು ಆರ್ಕ್ಟಿಕ್ ಬೇ ಊರುಗಳ ಬೇಟೆಗಾರರ ಒಂದು ಸಣ್ಣ ಗುಂಪು ಹಿಮವಾಹನಗಳಲ್ಲಿ ಹೊರಟು, ಗಣಿಯ ವಿಮಾನಪಟ್ಟಿಯನ್ನೂ ಅದಿರಿನ ರಸ್ತೆಯನ್ನೂ ಅಡ್ಡಗಟ್ಟಿ ಕುಳಿತಿತು. ಸುಮಾರು ಒಂದು ವಾರ ಕೆಲಸ ನಿಂತಿತು. ಕಂಪನಿ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಅವರು ಶಾಂತವಾಗಿ ಮರಳಿದರು. ಆದರೆ ಮರುತಿಂಗಳು ಇನ್ಯುಯಿಟ್ ಸಂಘವೇ ವಿಸ್ತರಣೆಗೆ ತನ್ನ ಬೆಂಬಲವಿಲ್ಲವೆಂದು ಸಾರಿತು. 2022ರ ಮೇ ತಿಂಗಳಲ್ಲಿ ಪ್ರಾಂತ್ಯದ ಪರಿಣಾಮ ಪರಿಶೀಲನಾ ಮಂಡಳಿಯು ಯೋಜನೆಗೆ ಅನುಮತಿ ಕೂಡದೆಂದು ಶಿಫಾರಸು ಮಾಡಿತು. ಕಡಲಿನ ಪ್ರಾಣಿಗಳು, ಮೀನು, ಕ್ಯಾರಿಬೂ ಎಂಬ ಹಿಮಸಾರಂಗಗಳು, ಇವುಗಳನ್ನು ನಂಬಿದ ಇನ್ಯುಯಿಟರ ಸಂಸ್ಕೃತಿ ಇವುಗಳಿಗೆ ಆಗುವ ಹಾನಿಯನ್ನು ತಡೆಯುವ ಭರವಸೆ ಮಂಡಳಿಗೆ ಕಾಣಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಮಂತ್ರಿ ಡ್ಯಾನ್ ವ್ಯಾಂಡಲ್ ಅದನ್ನು ಒಪ್ಪಿ ಪ್ರಸ್ತಾವನೆಯನ್ನು ತಳ್ಳಿಹಾಕಿದರು.

ಕರಾರು ಮಾಡಿಕೊಂಡು ಹೀಗೆ ಹಿಂದೆ ಸರಿಯುವುದು ವಚನಭಂಗವಲ್ಲವೆ? ಮಾತಿಗೆ ತಪ್ಪದ ವ್ಯಾಪಾರಿಯನ್ನು ಗೌರವಿಸುವ ನಮ್ಮಂಥವರಿಗೆ ಏಳಬೇಕಾದ ಸಂದೇಹವೇ ಇದು. ನಾವು ಕಾಲೇಜಿನಲ್ಲಿ ಓದಿದ 1872ರ ಭಾರತೀಯ ಕರಾರು ಅಧಿನಿಯಮದಲ್ಲಿ ಪ್ರತಿಫಲವೆಂದರೆ ಏನನ್ನಾದರೂ ಮಾಡುವುದು ಮಾತ್ರವಲ್ಲ, ಮಾಡದೆ ಇರುವುದೂ ಪ್ರತಿಫಲವಾಗಬಹುದು ಎಂದಿದೆ. ಅದರಂತೆ ‘ನಾನು ಆಕ್ಷೇಪಿಸುವುದಿಲ್ಲ’ ಎಂಬ ಮೌನವನ್ನೂ ಒಬ್ಬನು ಮಾರಬಲ್ಲನು. ಪ್ರಶ್ನೆಯಿರುವುದು ಏನನ್ನು ಮಾರಿದರು ಎಂಬುದರಲ್ಲಿ. 60 ಲಕ್ಷ ಟನ್ನಿನ ಗಣಿಗೆ ನೆಲ ಕೊಟ್ಟದ್ದಕ್ಕೆ ಗುತ್ತಿಗೆಗಳು ಪ್ರತಿಫಲವಾಗಿದ್ದವು. 120 ಲಕ್ಷ ಟನ್ನಿಗೆ ಅಲ್ಲ. ಮುಂದಿನ ಬೇಡಿಕೆಗಳಿಗೆಲ್ಲ ಮುಂಗಡವಾಗಿ ಬಾಯಿ ಮುಚ್ಚುವೆವೆಂದು ಊರಿನ ಬೇಟೆಗಾರರು ಯಾರಿಗೂ ಬರೆದುಕೊಟ್ಟಿರಲಿಲ್ಲ. ಅವರ ಹೆಸರಿನಲ್ಲಿ ಬರೆದುಕೊಡುವ ಅಧಿಕಾರ ಸಂಘಕ್ಕೂ ಇತ್ತೆಂದು ನನಗೆ ತೋರುವುದಿಲ್ಲ. ನೂರು ಮೂಟೆಗೆ ಬೆಲೆ ಕೊಟ್ಟವನು ಇನ್ನೂರನ್ನು ಗಾಡಿಗೇರಿಸುವಾಗ ತಡೆದರೆ ಅದು ವಚನಭಂಗವಾಗದು.

ಇದರಿಂದ ನೋವೇ ಆಗಲಿಲ್ಲವೆಂದು ಹೇಳಲಾಗದು. ಅನುಮತಿ ಸಿಗದಿದ್ದರೆ ಕೆಲಸಗಳು ಹೋಗುತ್ತವೆಂದು ಕಂಪನಿ ಎಚ್ಚರಿಸಿತ್ತು. ವಿಸ್ತರಣೆಯನ್ನು ನಂಬಿ ಸಾಲ ಮಾಡಿ ಯಂತ್ರ ತರಿಸಿದ ಇನ್ಯುಯಿಟ್ ಗುತ್ತಿಗೆದಾರನೊಬ್ಬನಿದ್ದರೆ ಅವನ ಸ್ಥಿತಿ ಊಹಿಸಬಹುದಾದದ್ದೇ. ಅವನೂ ಅದೇ ಊರಿನವನು, ಅವನ ಅಣ್ಣ ಬಹುಶಃ ಬೇಟೆಗಾರ. ಒಂದೇ ಮನೆಯ ಊಟದಲ್ಲಿ ಎರಡೂ ಕಡೆಯವರು ಕುಳಿತಿರುವಾಗ ನ್ಯಾಯ ಹೇಳುವುದು ಸುಲಭವಲ್ಲ. ಆದರೂ ಆಯ್ಕೆ ಮಾಡಲೇಬೇಕಾದರೆ, ಗುತ್ತಿಗೆ ಕಳೆದುಕೊಂಡವನಿಗೆ ಇನ್ನೊಂದು ಗುತ್ತಿಗೆ ಹುಡುಕಿಕೊಡಬಹುದು, ಬಿಟ್ಟುಹೋದ ತಿಮಿಂಗಿಲವನ್ನು ಮರಳಿ ಕರೆಯಲಾಗದು ಎಂಬುದು ನನ್ನ ಅಭಿಪ್ರಾಯ. ಭಿನ್ನಾಭಿಪ್ರಾಯವುಳ್ಳ ಬಾಂಧವರು ಇದೇ ಪತ್ರಿಕೆಯಲ್ಲಿ ಬರೆದರೆ ಸಂತೋಷವಾದೀತು.

ಗಣಿ ಮುಚ್ಚಲಿಲ್ಲ. ಹಳೆಯ ರಸ್ತೆಯಲ್ಲಿಯೇ ಲಾರಿಗಳು ಓಡುವುದು ಮುಂದುವರಿಯಿತು. 2012ರಲ್ಲಿಯೇ ಅನುಮತಿ ಪಡೆದಿದ್ದ, ದಕ್ಷಿಣದ ಸ್ಟೀನ್ಸ್‌ಬಿ ಇನ್ಲೆಟ್ ಕಡೆಗಿನ ರೈಲುಮಾರ್ಗದ ಯೋಜನೆಯತ್ತ ಕಂಪನಿ ಗಮನ ಹರಿಸಿತು. ಅದು ಸಿದ್ಧವಾದರೆ ಅಲ್ಲಿಯ ಊರುಗಳ ಮುಂದೆಯೂ ಗುತ್ತಿಗೆಯ ಪಟ್ಟಿ ಬರುತ್ತದೆ, ಅಲ್ಲಿಯ ಕಡಲಿನಲ್ಲಿಯೂ ಹಡಗುಗಳು ಸಾಗುತ್ತವೆ.